ಒಂದು ಕೋರ್ಟ್, ಎರಡು ತಂಡ: ಸಣ್ಣ ಕಾಲೇಜಿನಲ್ಲಿ ಬ್ಯಾಸ್ಕೆಟ್‌ಬಾಲ್ ಶುರುಮಾಡುವುದು ಹೇಗೆ?

ಪ್ರಶ್ನೆ: ನಮ್ಮದು ಕೊಪ್ಪಳ ಜಿಲ್ಲೆ ಯಲಬುರ್ಗಾ ತಾಲ್ಲೂಕಿನ ಸಣ್ಣ ಪದವಿ ಕಾಲೇಜು. ವಿದ್ಯಾರ್ಥಿಗಳು ಐದುನೂರರ ಒಳಗೆ, ಅರ್ಧಕ್ಕಿಂತ ಹೆಚ್ಚು ಹೆಣ್ಣುಮಕ್ಕಳು. ಹಿಂದೆಂದೋ ಹಾಕಿಸಿದ ಸಿಮೆಂಟ್ ಬ್ಯಾಸ್ಕೆಟ್‌ಬಾಲ್ ಕೋರ್ಟ್ ಇದೆ, ಅಲ್ಲಲ್ಲಿ ಬಿರುಕು ಬಿಟ್ಟಿದೆ. ದೈಹಿಕ ಶಿಕ್ಷಣ ನಿರ್ದೇಶಕ ನಾನೊಬ್ಬನೇ. ಈ ವರ್ಷ ಹುಡುಗರ ತಂಡ ಕಟ್ಟಿ, ಹುಡುಗಿಯರದು ಮುಂದಿನ ವರ್ಷ ನೋಡೋಣ ಅನ್ನುತ್ತಿದೆ ಆಡಳಿತ ಮಂಡಳಿ. ಹಳ್ಳಿಗಳ ಕಡೆ ಹೋಗುವ ಬಸ್ಸು ಸಂಜೆ 5.15ಕ್ಕೆ. ನಮ್ಮಲ್ಲಿ ಯಾರೂ ಈ ಆಟ ಆಡಿದವರಲ್ಲ. ಎಲ್ಲಿಂದ ಶುರುಮಾಡಲಿ?

ಉತ್ತರ: ಎರಡೂ ತಂಡ ಒಂದೇ ದಿನ ಶುರುವಾಗಲಿ. ಆಡಳಿತ ಮಂಡಳಿಗೆ ಮೊದಲು ಇದನ್ನೇ ಒಪ್ಪಿಸಿ, ಉಳಿದದ್ದೆಲ್ಲ ಆಮೇಲೆ. ಕಾರಣ ಸರಳ. ಸಣ್ಣ ಕಾಲೇಜಿನಲ್ಲಿ ದುಡ್ಡನ್ನು ಹೇಗೋ ಹೊಂದಿಸಬಹುದು. ಕೋರ್ಟಿನ ಹೊತ್ತು ಹೊಂದಿಸುವುದೇ ಕಷ್ಟ. ಮೂರೂಮುಕ್ಕಾಲರಿಂದ ಆರರವರೆಗಿನ ಹೊತ್ತನ್ನು ಒಂದು ವರ್ಷ ಹುಡುಗರಿಗೆ ಕೊಟ್ಟುಬಿಟ್ಟರೆ ಮರುವರ್ಷ ಅದರಲ್ಲಿ ಅರ್ಧ ಬಿಡಿಸಿಕೊಳ್ಳುವುದು ನಿಮ್ಮ ಕೈಲಾಗುವುದಿಲ್ಲ. ಆಗ ಹುಡುಗಿಯರಿಗೆ ಸಿಗುವುದು ಬಸ್ಸು ಹೋದಮೇಲಿನ ಹೊತ್ತು, ಅಂದರೆ ಏನೂ ಇಲ್ಲ. ಇನ್ನೊಂದು ಮಾತು: ಅಂತರ ಕಾಲೇಜು ಮಟ್ಟದಲ್ಲಿ ಮಹಿಳಾ ವಿಭಾಗಕ್ಕೆ ಬರುವ ತಂಡಗಳು ಸಾಮಾನ್ಯವಾಗಿ ಕಡಿಮೆ. ಹೊಸ ಕಾಲೇಜೊಂದು ಬೇಗ ಹೆಸರು ಮಾಡುವುದು ಅಲ್ಲೇ. ಜೇಮ್ಸ್ ನೈಸ್ಮಿತ್ 1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಈ ಆಟ ಹುಟ್ಟುಹಾಕಿದರೆ, 1892ರಲ್ಲೇ ಸೆಂಡಾ ಬೆರೆನ್‌ಸನ್ ಅದನ್ನು ಸ್ಮಿತ್ ಕಾಲೇಜಿನ ಹುಡುಗಿಯರಿಗೆ ಕಲಿಸತೊಡಗಿದ್ದರು. ಮಂಡಳಿಯ ಸಭೆಯಲ್ಲಿ ಬೇಕಾದರೆ ಈ ಮಾತು ಹಾಕಿ.

ಮೊದಲು ನೆಲ ನೋಡಿ

ಯಲಬುರ್ಗಾ, ಕುಕನೂರು ಕಡೆಯದು ಹೆಚ್ಚಾಗಿ ಎರೆ (ಕಪ್ಪು ಮಣ್ಣಿನ) ಭೂಮಿ. ನಿಮ್ಮ ಕೋರ್ಟಿನ ಬಿರುಕಿಗೆ ಸಿಮೆಂಟು ಕಡಿಮೆ ಹಾಕಿದ್ದೇ ಕಾರಣ ಅಂತ ಎಲ್ಲರೂ ಹೇಳುತ್ತಾರೆ. ಬಹುಪಾಲು ಸಲ ಕಾರಣ ಕೆಳಗಿನ ಮಣ್ಣು. ಎರೆ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಾಯಿಬಿಡುತ್ತದೆ. ಕೋರ್ಟಿನ ನಡುಭಾಗದ ಮಣ್ಣಿನ ತೇವ ಅಷ್ಟಾಗಿ ಬದಲಾಗುವುದಿಲ್ಲ, ಅಂಚಿನದು ಬದಲಾಗುತ್ತದೆ. ಹಾಗಾಗಿ ಮಳೆಗಾಲದಲ್ಲಿ ಅಂಚಿನ ಚಪ್ಪಡಿ ಮೇಲೇಳುತ್ತದೆ, ಏಪ್ರಿಲ್ ಹೊತ್ತಿಗೆ ಕೆಳಗಿಳಿಯುತ್ತದೆ. ಗಂಗಾವತಿ, ಸಿಂಧನೂರು, ಸಿರುಗುಪ್ಪದ ನೀರಾವರಿ ಎರೆಯಲ್ಲಿ ಕಾಲುವೆ ಬಿಟ್ಟಾಗಲೂ ಇದೇ ಆಟ. ಮಸಾರಿ (ಕೆಂಪು ಮಣ್ಣಿನ) ನೆಲದಲ್ಲಿರುವ ಕಾಲೇಜುಗಳಿಗೆ ಈ ತಲೆನೋವು ಕಡಿಮೆ.

ಮೊದಲು ಬಿರುಕುಗಳನ್ನು ವಿಂಗಡಿಸಿ. ಕೂದಲೆಳೆಯಂಥವನ್ನು ಹಾಗೇ ಬಿಡಿ. ಅಗಲವಾಗಿದ್ದು, ಎರಡೂ ಬದಿ ಒಂದೇ ಮಟ್ಟದಲ್ಲಿದ್ದರೆ ಗಾಳಿ ಊದಿ, ತಂತಿ ಬ್ರಷ್ಷಿನಿಂದ ಕೆರೆದು, ರಬ್ಬರಿನಂತೆ ಹಿಗ್ಗುವ ಪಾಲಿಯುರೆಥೇನ್ ಸೀಲೆಂಟ್ ತುಂಬಿಸಿ. ಇಲ್ಲಿ ಸಿಮೆಂಟ್ ಗಾರೆ ತುಂಬುವುದು ವ್ಯರ್ಥ. ಅಲುಗಾಡುವ ಬಿರುಕಿನಲ್ಲಿ ಗಾರೆ ಒಂದು ಬೇಸಿಗೆಗೆ ಪುಡಿಯಾಗಿ ಹೊರಬೀಳುತ್ತದೆ, ಆ ಪುಡಿಯ ಮೇಲೆ ಮಕ್ಕಳು ಜಾರುತ್ತಾರೆ. ಬಿರುಕಿನ ಒಂದು ಬದಿ ಇನ್ನೊಂದಕ್ಕಿಂತ 5 ಮಿ.ಮೀ.ಗಿಂತ ಮೇಲೆದ್ದಿದ್ದರೆ ಗ್ರೈಂಡರ್ ಹಿಡಿದು ಇಳಿಜಾರು ಮಾಡಿಸಿ. ಹಿಮ್ಮುಖ ಓಡುವಾಗ ಹಿಮ್ಮಡಿ ತಾಗಿ ಬೀಳುವುದು ಇಂಥ ಕಡೆಯೇ. ಕೋರ್ಟಿನ ಸುತ್ತ ನೀರು ನಿಲ್ಲದಂತೆ ಕಾಲುವೆ ತೋಡಿಸಿ, ಕೈತೊಳೆಯುವ ನಲ್ಲಿಯ ನೀರು ಅತ್ತ ಹರಿಯದಿರಲಿ. ಅಂಚಿಗೆ ಗಿಡ ನೆಟ್ಟು ದಿನಾ ನೀರು ಹಾಕುವುದೂ ಬೇಡ; ವನಮಹೋತ್ಸವದ ಗಿಡಗಳಿಗೆ ಬೇರೆ ಜಾಗ ಹುಡುಕಿ.

ಹಳೆಯ ನೆಲದ ಮೇಲೆ ಎರಡಿಂಚು ಹೊಸ ಸಿಮೆಂಟು ಬಳಿದುಕೊಡುತ್ತೇವೆ ಅನ್ನುವ ಗುತ್ತಿಗೆದಾರರು ಬರುತ್ತಾರೆ. ಒಪ್ಪಬೇಡಿ. ಕೆಳಗಿನ ಬಿರುಕು ಅದೇ ಜಾಗದಲ್ಲಿ ಮೇಲೂ ಮೂಡುತ್ತದೆ, ಜೊತೆಗೆ ನೆಲ ಎತ್ತರವಾಗಿ ರಿಂಗು ಐದು ಸೆಂ.ಮೀ. ತಗ್ಗುತ್ತದೆ. ಆ ರಿಂಗಿನಲ್ಲಿ ಕೈ ಪಳಗಿಸಿಕೊಂಡ ತಂಡ ಬಳ್ಳಾರಿಗೆ ಹೋಗಿ ಆಡಿದರೆ ಚೆಂಡೆಲ್ಲ ರಿಂಗಿನ ಮುಂದಂಚಿಗೆ ಬಡಿಯುತ್ತದೆ.

ಅನುದಾನ ಸಿಕ್ಕಿ ಹೊಸದೇ ಕಟ್ಟಿಸುವುದಾದರೆ ಅಳತೆ ಹೀಗೆ. ಆಟದ ಅಂಕಣ 28 ಮೀಟರ್ ಉದ್ದ, 15 ಮೀಟರ್ ಅಗಲ. ಸುತ್ತ 2 ಮೀಟರ್ ತೆರವು ಸೇರಿ 32 x 19, ಅಂದರೆ 608 ಚದರ ಮೀಟರ್ ನೆಲ. ಉದ್ದ ಉತ್ತರ-ದಕ್ಷಿಣವಾಗಿರಲಿ, ಸಂಜೆ ಬಿಸಿಲು ಎಸೆಯುವವರ ಕಣ್ಣಿಗೆ ಹೊಡೆಯುವುದಿಲ್ಲ. ಎರೆಯನ್ನು ಕನಿಷ್ಠ 60ರಿಂದ 90 ಸೆಂ.ಮೀ. ಆಳ ತೆಗೆಸಿ, ಆ ಜಾಗಕ್ಕೆ ಗರಸು ತುಂಬಿಸಬೇಕು. ಒಮ್ಮೆಗೆ ಸುರಿಯದೆ 15-20 ಸೆಂ.ಮೀ. ಪದರು ಪದರಾಗಿ, ಪ್ರತಿ ಪದರಿಗೂ ನೀರು ಹೊಡೆದು ರೋಲರ್ ಓಡಿಸಬೇಕು. ಅದರ ಮೇಲೆ 10 ಸೆಂ.ಮೀ. ಬೆಡ್ ಕಾಂಕ್ರೀಟ್, ಮೇಲೆ 12.5 ಸೆಂ.ಮೀ. ದಪ್ಪದ ಎಂ-20 ಕಾಂಕ್ರೀಟ್. ಈ ಮೇಲಿನ ಪದರಕ್ಕೇ 76 ಘನ ಮೀಟರ್ ಕಾಂಕ್ರೀಟ್ ಬೇಕು. ಗುತ್ತಿಗೆದಾರ 50 ಅಂದರೆ ದಪ್ಪ ಎಲ್ಲಿ ಕಡಿಮೆಯಾಯಿತು ಕೇಳಿ. ನೀರು ಹರಿಯಲು ಅಗಲದ ದಿಕ್ಕಿನಲ್ಲಿ ನೂರಕ್ಕೆ ಒಂದರಷ್ಟು ಇಳಿಜಾರು ಸಾಕು. ಮೂರು-ನಾಲ್ಕು ಮೀಟರಿಗೊಂದು ಜಾಯಿಂಟ್, ದಪ್ಪದ ಮೂರರಲ್ಲೊಂದು ಪಾಲು ಆಳಕ್ಕೆ ಕತ್ತರಿಸಿರಬೇಕು. ನಮ್ಮ ಬಿಸಿಲಿಗೆ ಮರುದಿನ ಕತ್ತರಿಸೋಣ ಅಂದರೆ ಅಷ್ಟರಲ್ಲಿ ನೆಲ ತಾನೇ ಬಿರುಕು ಬಿಟ್ಟಿರುತ್ತದೆ. ಕಾಂಕ್ರೀಟ್ ಗಟ್ಟಿಯಾಗಿ ಅಂಚು ಉದುರದ ಹದಕ್ಕೆ ಬಂದ ಕೂಡಲೇ, ಅದೇ ದಿನ ಕತ್ತರಿಸಬೇಕು. ಹಾಕುವುದು ಬೆಳಗಿನ ಜಾವ. ಒದ್ದೆ ಗೋಣಿತಾಟು ಹೊದಿಸಿ ಆಮೇಲೆ 14 ದಿನ ಮಣ್ಣಿನ ಬದು ಕಟ್ಟಿ ನೀರು ನಿಲ್ಲಿಸಬೇಕು.

ಮೇಲ್ಮೈ ಕನ್ನಡಿಯಂತೆ ನುಣ್ಣಗೆ ಬೇಡ. ಮೇಸ್ತ್ರಿಗಳು ನುಣುಪನ್ನೇ ಹೆಮ್ಮೆ ಅಂದುಕೊಳ್ಳುತ್ತಾರೆ, ಆದರೆ ನುಣುಪು ನೆಲಕ್ಕೆ ಧೂಳು ಸೇರಿದರೆ ಶೂ ಹಿಡಿಯುವುದಿಲ್ಲ. ಹಸಿಯಿದ್ದಾಗಲೇ ಪೊರಕೆ ಎಳೆದ ಒರಟು ಫಿನಿಶ್ ಕೇಳಿ ಮಾಡಿಸಿಕೊಳ್ಳಿ. ಮರಳು ಬೆರೆತ ಅಕ್ರಿಲಿಕ್ ಬಣ್ಣ ಹೊಡೆಸುವುದಾದರೆ ಕಾಂಕ್ರೀಟಿಗೆ 28 ದಿನ ತುಂಬಿದ ಮೇಲೆ. ಗೆರೆಗಳಿಗೆ ಬಾಗಿಲಿಗೆ ಹೊಡೆಯುವ ಎಣ್ಣೆ ಬಣ್ಣ ಹೊಡೆಸಬೇಡಿ, ಬೆವರು ಬಿದ್ದರೆ ಸಾಕು ಜಾರುತ್ತದೆ.

ಇನ್ನು ನಮ್ಮ ಸೀಮೆಯ ವಿಶೇಷ ಶತ್ರು ಬಳ್ಳಾರಿ ಜಾಲಿ. ಕಾಂಪೌಂಡಿನ ಆಚೆ ಅದಿದ್ದರೆ ಮುಳ್ಳು ಗಾಳಿಗೆ ಬರುತ್ತದೆ, ಕುರಿ-ಮೇಕೆಯ ಕಾಲಿಗೆ ಅಂಟಿಕೊಂಡೂ ಬರುತ್ತದೆ. ಚೆಂಡು ಒಂದು ಸಲ ಹೊರಗೆ ಉರುಳಿದರೆ ಕಥೆ ಮುಗಿಯಿತು. ಮೇಲೆ ಕಡಿದರೆ ಬುಡದಿಂದ ಇಮ್ಮಡಿ ಚಿಗುರುವ ಜಾತಿ ಅದು. ಜೆಸಿಬಿ ಬಂದ ದಿನವೇ ನೆಲದಿಂದ ಒಂದಡಿ ಕೆಳಗೆ ಬೇರಿನ ಗಂಟು ಸಮೇತ ಕೀಳಿಸಿ, ಕೋರ್ಟಿನ ಸುತ್ತ ನಾಲ್ಕೈದು ಮೀಟರ್ ಬೋಳಾಗಿರಲಿ.

ರಿಂಗು, ಬೋರ್ಡು, ಚೆಂಡು

ಟೇಪು ಮತ್ತು ಮಟ್ಟಗೋಲು ತೆಗೆದುಕೊಂಡು ಇವತ್ತೇ ಅಳೆಯಿರಿ. ರಿಂಗಿನ ಮೇಲಂಚು ನೆಲದಿಂದ 3.05 ಮೀಟರ್ ಇರಬೇಕು, ಹೆಚ್ಚುಕಡಿಮೆ 6 ಮಿ.ಮೀ. ಮುಂದೆ, ಹಿಂದೆ, ಎರಡು ಪಕ್ಕ, ಹೀಗೆ ನಾಲ್ಕು ಕಡೆ ಅಳೆಯಿರಿ. ಹುಡುಗರು ಜೋತಾಡಿದ ರಿಂಗಿನ ಮುಂಭಾಗ ಬಗ್ಗಿರುತ್ತದೆ. ರಿಂಗಿನ ಒಳವ್ಯಾಸ 45 ಸೆಂ.ಮೀ., ಸರಳು 16ರಿಂದ 20 ಮಿ.ಮೀ. ದಪ್ಪ. ಬೋರ್ಡು 1.80 x 1.05 ಮೀಟರ್, ಅದರ ಕೆಳಅಂಚು ನೆಲದಿಂದ 2.90 ಮೀಟರ್, ಮುಖ ಎಂಡ್‌ಲೈನಿನಿಂದ (ರಿಂಗಿನ ಹಿಂದಿನ ಅಂಚುಗೆರೆ) 1.20 ಮೀಟರ್ ಒಳಗೆ ಚಾಚಿರಬೇಕು. ಹಳೆಯ ಕೋರ್ಟುಗಳಲ್ಲಿ ಕಂಬವನ್ನು ಗೆರೆಯ ಮೇಲೇ ನೆಟ್ಟಿರುವುದು ಸಾಮಾನ್ಯ. ಲೇ-ಅಪ್ (ಓಡಿಬಂದು ರಿಂಗಿನ ಹತ್ತಿರ ಹಾರಿ ಚೆಂಡು ಹಾಕುವುದು) ಮಾಡಿ ಬಂದವರು ನೇರ ಕಂಬಕ್ಕೇ ಡಿಕ್ಕಿ. ಕಂಬ ಗೆರೆಯಿಂದ ಕನಿಷ್ಠ ಒಂದು ಮೀಟರಾದರೂ ಆಚೆ ಇರಲಿ, ಎರಡಾದರೆ ಉತ್ತಮ; ನೆಲದಿಂದ 2.15 ಮೀಟರ್ ಎತ್ತರದವರೆಗೆ ಫೋಮ್ ಪ್ಯಾಡ್ ಕಟ್ಟಿಸಿ. ಫೋಮಿಗೆ ದುಡ್ಡಿಲ್ಲದಿದ್ದರೆ ಹಳೆಯ ಹಾಸಿಗೆಯನ್ನು ಟಾರ್ಪಾಲಿನಲ್ಲಿ ಸುತ್ತಿ ಬಿಗಿಯಾಗಿ ಕಟ್ಟಿದರೂ ತಲೆ ಉಳಿಯುತ್ತದೆ. ಎರೆಯಲ್ಲಿ ನೆಟ್ಟ ಕಂಬ ವರ್ಷಕ್ಕೊಂದಿಷ್ಟು ವಾಲುತ್ತದೆ, ಆದ್ದರಿಂದ ಮಳೆಗಾಲ ಮುಗಿದಮೇಲೊಮ್ಮೆ, ಬೇಸಿಗೆ ಮುಗಿದಮೇಲೊಮ್ಮೆ ಎತ್ತರ ಅಳೆಯುವುದು ನಿಯಮವಾಗಲಿ. ಬೋರ್ಡಿಗೆ ಸಾದಾ ಪ್ಲೈವುಡ್ ಹಾಕಿಸಿದರೆ ಎರಡನೇ ಮಳೆಗಾಲಕ್ಕೆ ಪದರು ಬಿಡುತ್ತದೆ. ಮರೀನ್ ಪ್ಲೈ ಹಾಕಿಸಿ, ಅಂಚುಗಳಿಗೂ ಹಿಂಬದಿಗೂ ಬಣ್ಣ ಕುಡಿಸಿ.

ನೆಟ್ ಇಲ್ಲದೆ ಅಭ್ಯಾಸ ಮಾಡಿಸಬೇಡಿ. ಚೆಂಡು ಒಳಗೆ ಹೋಯಿತೋ ಹೊರಗೋ ಎಂಬ ಜಗಳವೊಂದೇ ಅಲ್ಲ, ನೆಟ್ ಚೆಂಡಿನ ವೇಗ ತಗ್ಗಿಸಿ ಕೆಳಗೇ ಬೀಳಿಸುತ್ತದೆ. ಚೆಂಡಿನ ಹಿಂದೆ ಓಡುವ ಹೊತ್ತು ಉಳಿಯುತ್ತದೆ.

ಎರಡು ತಂಡಕ್ಕೆ ಕೋರ್ಟ್ ಒಂದೇ, ರಿಂಗಿನ ಎತ್ತರ ಒಂದೇ, ನಿಯಮ ಒಂದೇ. ಬೇರೆಯಾಗುವುದು ಚೆಂಡು. ಪುರುಷರದು 7ನೇ ಸೈಜು, ಸುತ್ತಳತೆ 75-77 ಸೆಂ.ಮೀ., ತೂಕ 600 ಗ್ರಾಂ ಆಸುಪಾಸು. ಮಹಿಳೆಯರದು 6ನೇ ಸೈಜು, ಸುತ್ತಳತೆ 71.5-73 ಸೆಂ.ಮೀ., ತೂಕ 530 ಗ್ರಾಂ ಆಸುಪಾಸು. ಉಳಿತಾಯಕ್ಕೆಂದು ಎಲ್ಲರಿಗೂ 7ನೇ ಸೈಜು ತರುವುದು ಸಣ್ಣ ಕಾಲೇಜುಗಳ ಮಾಮೂಲಿ ತಪ್ಪು. ಹೊಸದಾಗಿ ಕಲಿಯುವ ಹುಡುಗಿ ಆ ತೂಕವನ್ನು ಮೇಲೇರಿಸಲು ಎರಡೂ ಕೈಯಿಂದ, ಸೊಂಟದ ಪಕ್ಕದಿಂದ ತಳ್ಳತೊಡಗುತ್ತಾಳೆ. ಒಂದು ತಿಂಗಳಲ್ಲಿ ಅದೇ ರೂಢಿಯಾಗುತ್ತದೆ, ಬಿಡಿಸಲು ಒಂದು ವರ್ಷ ಬೇಕು. ಪ್ರತಿ ಸೈಜಿನಲ್ಲೂ 8 ಚೆಂಡು ತನ್ನಿ. ಸಿಮೆಂಟ್ ನೆಲಕ್ಕೆ ಒಳ್ಳೆಯ ರಬ್ಬರ್ ಚೆಂಡೇ ಸರಿ. ಚರ್ಮದ್ದೂ ಕಾಂಪೊಸಿಟ್ಟೂ (ಕೃತಕ ಚರ್ಮದ್ದು) ಬೇಗ ಸವೆಯುತ್ತವೆ. ಪಂದ್ಯಕ್ಕೆಂದು ಒಂದೊಂದು ಕಾಂಪೊಸಿಟ್ ತೆಗೆದಿಡಿ, ವಾರಕ್ಕೊಮ್ಮೆ ಅದರಲ್ಲೂ ಆಡಿಸಿ.

ಗಾಳಿ ಎಷ್ಟು ಅನ್ನುವುದು ಕವಾಟದ ಪಕ್ಕದಲ್ಲೇ ಅಚ್ಚಾಗಿರುತ್ತದೆ, ಸಾಮಾನ್ಯವಾಗಿ 7ರಿಂದ 9 ಪಿಎಸ್‌ಐ. ಗೇಜ್ ಇಲ್ಲದಿದ್ದರೆ 1.80 ಮೀಟರ್ ಎತ್ತರದಿಂದ ಬಿಡಿ, ಚೆಂಡಿನ ನೆತ್ತಿ 1.20ರಿಂದ 1.40 ಮೀಟರಿಗೆ ಪುಟಿಯಬೇಕು. ಬಿಸಿಲಲ್ಲಿ ಬಿಟ್ಟ ಚೆಂಡು ಒಳಗಿನ ಗಾಳಿ ಹಿಗ್ಗಿ ಕಲ್ಲಾಗುತ್ತದೆ, ನೆರಳಲ್ಲಿಡಿ. ಪಂಪಿನ ಸೂಜಿಯನ್ನು ಒದ್ದೆ ಮಾಡದೆ ಚುಚ್ಚಿದರೆ ಕವಾಟವೇ ಹರಿಯುತ್ತದೆ. ಹೆಚ್ಚಿನ ಚೆಂಡುಗಳು ಸಾಯುವುದು ಹೀಗೆ. ಪಾಪ, ಜಾಲಿಮುಳ್ಳಿನ ಮೇಲೆ ಅಪವಾದ.

ಬಸ್ಸಿನ ಟೈಮಿನಿಂದ ಹಿಂದಕ್ಕೆ ಎಣಿಸಿ

ಬಸ್ಸು 5.15ಕ್ಕೆ. ಮುಖ ತೊಳೆದು, ಬಟ್ಟೆ ಬದಲಿಸಿ, ಸ್ಟ್ಯಾಂಡಿಗೆ ನಡೆಯಲು 20 ನಿಮಿಷ. ಅಂದರೆ ಹುಡುಗಿಯರ ಅಭ್ಯಾಸ 4.55ಕ್ಕೆ ಮುಗಿಯಲೇಬೇಕು, 3.45ಕ್ಕೆ ಶುರುವಾಗಬೇಕು. ಪ್ರಾಂಶುಪಾಲರಿಂದ ಒಂದೇ ಒಂದು ವಿಷಯ ಕೇಳಿ ಪಡೆಯಿರಿ: ವಾರದ ನಾಲ್ಕು ದಿನ ತಂಡದ ಹುಡುಗಿಯರಿಗೆ ಕೊನೆಯ ಪಿರಿಯಡ್ ತರಗತಿ ಬರದಂತೆ ವೇಳಾಪಟ್ಟಿ. ಹುಡುಗರದು 4.45ಕ್ಕೆ ಶುರು. ಡಿಸೆಂಬರಿನಲ್ಲಿ ಆರಕ್ಕೆಲ್ಲ ಹೊತ್ತು ಮುಳುಗುತ್ತದೆ, ಆಗ ಆರಕ್ಕೇ ನಿಲ್ಲಿಸಿ. 4.45ರಿಂದ 4.55ರವರೆಗಿನ ಹತ್ತು ನಿಮಿಷ ಎರಡೂ ತಂಡ ಕೋರ್ಟಿನಲ್ಲಿರುತ್ತವೆ. ಅದನ್ನು ಹಾಳು ಮಾಡದೆ ಪಾಸಿಂಗ್ ಅಭ್ಯಾಸವನ್ನು ಜಂಟಿಯಾಗಿ ಮಾಡಿಸಿ. ಅಮೆರಿಕದ ಕಾಲೇಜುಗಳಲ್ಲಿ ಮಹಿಳಾ ತಂಡಗಳು ಹುಡುಗರ ಗುಂಪಿನ ಎದುರು ಅಭ್ಯಾಸ ಮಾಡುವುದು ರೂಢಿಯಲ್ಲಿದೆ. ವೇಗದ ಎದುರಾಳಿ ಪುಕ್ಕಟೆ ಸಿಕ್ಕಂತೆ. ನಮ್ಮ ಹಳ್ಳಿ ಕಾಲೇಜಿನಲ್ಲಿ ಮೈತಾಗುವ ಆಟಕ್ಕೆ ಮನೆಯವರು ಒಪ್ಪದಿರಬಹುದು, ಪಾಸಿಂಗಿಗೆ ಯಾರೂ ಬೇಡ ಅನ್ನುವುದಿಲ್ಲ.

ಬಾಗಿಲಿಗೆ ಚಿಲಕ, ಒಳಗೆ ನೀರು ಇರುವ ಒಂದು ಬಟ್ಟೆ ಬದಲಿಸುವ ಕೋಣೆ ಚೆಂಡಿಗಿಂತ ಮೊದಲು ಸಿದ್ಧವಿರಲಿ. ಹುಡುಗಿಯರು ಅಭ್ಯಾಸ ಬಿಡಲು ಅರ್ಧ ಕಾರಣ ಅಲ್ಲಿರುತ್ತದೆ. ಚಡ್ಡಿ ಹಾಕಲು ಮುಜುಗರವಿದ್ದರೆ ಒಳಗೆ ಇಡೀ ಕಾಲಿನ ಟೈಟ್ಸ್ ಹಾಕಲಿ. ತಂಡದ ಎಲ್ಲರದೂ ಒಂದೇ ಬಣ್ಣವಿದ್ದರೆ ನಿಯಮ ಅಡ್ಡ ಬರುವುದಿಲ್ಲ. ತಲೆಗೆ ಬಿಗಿಯಾಗಿ ಕೂರುವ ಸ್ಕಾರ್ಫಿಗೂ 2017ರ ಅಕ್ಟೋಬರಿನಿಂದ ಅಂತರರಾಷ್ಟ್ರೀಯ ನಿಯಮದಲ್ಲಿ ಅವಕಾಶವಿದೆ. ಮಹಿಳಾ ಉಪನ್ಯಾಸಕರೊಬ್ಬರನ್ನು ಮೊದಲ ದಿನದಿಂದಲೇ ತಂಡದ ಮ್ಯಾನೇಜರ್ ಮಾಡಿ. ಪಂದ್ಯದ ಹಿಂದಿನ ದಿನ ಹುಡುಕಿದರೆ ಸಿಗುವುದಿಲ್ಲ.

ಯಾರನ್ನು ಆರಿಸುವುದು

ಬ್ಯಾಸ್ಕೆಟ್‌ಬಾಲ್ ಆಡಿದವರು ಇಲ್ಲ ಅಂದಿರಿ. ಬೇರೆ ಆಟ ಆಡಿದವರು ಇದ್ದೇ ಇರುತ್ತಾರೆ. ನಮ್ಮ ಕಡೆ ಖೋ ಖೋ ಆಡಿದ ಹುಡುಗಿ ಸಿಕ್ಕರೆ ಮೊದಲು ಅವಳ ಹೆಸರು ಬರೆಯಿರಿ. ತಗ್ಗಿ ಓಡುವುದು, ಗಕ್ಕನೆ ನಿಲ್ಲುವುದು, ದಿಕ್ಕು ತಪ್ಪಿಸುವುದು ಅವಳಿಗೆ ಬಂದಿರುತ್ತದೆ. ಚೆಂಡು ಹಿಡಿಯುವುದಷ್ಟೇ ಕಲಿಸಬೇಕು. ಗಾರ್ಡ್ ಜಾಗ, ಅಂದರೆ ಚೆಂಡನ್ನು ಮುಂದಕ್ಕೆ ತರುವ ಕೆಲಸ, ಅವಳದು. ಥ್ರೋಬಾಲ್ ಆಡಿದವರ ಕೈ ಚೆನ್ನಾಗಿರುತ್ತದೆ, ಆದರೆ ಚೆಂಡು ಹಿಡಿದ ಕೂಡಲೇ ನಿಂತುಬಿಡುತ್ತಾರೆ. ವಾಲಿಬಾಲಿನ ಹುಡುಗರು ಎತ್ತರ ಹಾರುತ್ತಾರೆ, ಆದರೆ ರೀಬೌಂಡನ್ನು (ರಿಂಗಿಗೋ ಬೋರ್ಡಿಗೋ ಬಡಿದು ಮರಳಿದ ಚೆಂಡು) ಹಿಡಿಯುವ ಬದಲು ತಟ್ಟುತ್ತಾರೆ. ತಟ್ಟಿದ ಚೆಂಡು ಎದುರಾಳಿಗೆ ಹೋಗುತ್ತದೆ, ಎರಡೂ ಕೈಯಿಂದ ಹಿಡಿದು ಗದ್ದದ ಕೆಳಗೆ ತಂದುಕೊಳ್ಳುವುದನ್ನು ದಿನಾ ಹೇಳಬೇಕು. ಕಬಡ್ಡಿಯವರಿಗೆ ಕಾಲಿನ ಬಲ, ಧೈರ್ಯ ಎರಡೂ ಇದೆ, ಕೈ ಮಾತ್ರ ತಡೆಯದು. ಮೊದಲ ಪಂದ್ಯದಲ್ಲಿ ಐದು ಫೌಲ್ ಮಾಡಿ ಹೊರಗೆ ಕೂರುವವರು ಅವರೇ.

ಎತ್ತರವೊಂದನ್ನೇ ನೋಡಿ ಆರಿಸಬೇಡಿ. ಮೂರು ಪರೀಕ್ಷೆ ಸಾಕು: 28 ಮೀಟರ್ ಹೋಗಿ ಬರುವ ಓಟ ನಾಲ್ಕು ಸಲ, ಓಡುತ್ತಾ ಹತ್ತು ಪಾಸ್ ಹಿಡಿಯುವುದು, ಮತ್ತು ಎರಡು ವಾರ ತಪ್ಪದೆ ಬರುವುದು. ಮೂರನೆಯದೇ ಮುಖ್ಯ. ಪಂದ್ಯಕ್ಕೆ ಬೇಕಾದ್ದು 12 ಜನ, ನೀವು 16 ಇಟ್ಟುಕೊಳ್ಳಿ. ಜನವರಿ-ಫೆಬ್ರವರಿಯಲ್ಲಿ ಜೋಳ, ಕಡಲೆ ಸುಗ್ಗಿ ಬಂದರೆ ಹೊಲಕ್ಕೆ ಹೋಗುವವರು ಇದ್ದೇ ಇರುತ್ತಾರೆ. ಅವರನ್ನು ತಂಡದಿಂದ ತೆಗೆದರೆ ಮುಂದೆ ಯಾರೂ ಉಳಿಯುವುದಿಲ್ಲ.

ಅಭ್ಯಾಸ ಶುರುವಾಗುವ ಮೊದಲು ಎಲ್ಲರ ಹಿಮೋಗ್ಲೋಬಿನ್ ಪರೀಕ್ಷೆ ತಾಲ್ಲೂಕು ಆಸ್ಪತ್ರೆಯಲ್ಲಿ ಮಾಡಿಸಿ. ಇದು ಔಪಚಾರಿಕತೆ ಅಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆ. ಹುಡುಗಿಯರಲ್ಲಿ 12 ಗ್ರಾಂಗಿಂತ, ಹುಡುಗರಲ್ಲಿ 13 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ ಎಂದೇ ಲೆಕ್ಕ. ಎರಡು ಸುತ್ತಿಗೇ ಏದುಸಿರು ಬಿಡುವ ಹುಡುಗಿಯನ್ನು ಸೋಮಾರಿ ಅಂತ ಬೈಯುವ ಮೊದಲು ಈ ಅಂಕಿ ನೋಡಬೇಕು. ವೈದ್ಯರು ಕೊಡುವ ಕಬ್ಬಿಣದ ಮಾತ್ರೆಯನ್ನು ಚಹಾದ ಜೊತೆ ನುಂಗಿದರೆ ಮೈಗೆ ಹತ್ತುವುದಿಲ್ಲ, ನಿಂಬೆಹಣ್ಣಿನ ಪಾನಕದ ಜೊತೆ ತೆಗೆದುಕೊಳ್ಳಲಿ. ಎರಡು-ಮೂರು ತಿಂಗಳಲ್ಲಿ ಓಟದಲ್ಲೇ ವ್ಯತ್ಯಾಸ ಕಾಣುತ್ತದೆ.

ಮೊದಲ ಎಂಟು ವಾರ

ಹೊಸ ತಂಡ ಸೋಲುವುದು ಎರಡೇ ಕಾರಣಕ್ಕೆ: ಚೆಂಡು ಕೈತಪ್ಪುವುದು, ಲೇ-ಅಪ್ ತಪ್ಪುವುದು. ತಂತ್ರಗಾರಿಕೆ ಆಮೇಲಿನ ಮಾತು. ಆದ್ದರಿಂದ ಮೊದಲ ಎರಡು ವಾರ ನಿಲ್ಲುವುದು, ತಿರುಗುವುದು, ಪಾಸ್ ಕೊಡುವುದು, ಹಿಡಿಯುವುದು ಇಷ್ಟೇ. ಎರಡೂ ಕಾಲು ಒಟ್ಟಿಗೆ ಊರಿ ನಿಲ್ಲುವುದನ್ನು ಮೊದಲು ಕಲಿಸಿ, ಆಗ ಯಾವ ಕಾಲನ್ನಾದರೂ ಪಿವಟ್ (ಊರಿದಲ್ಲೇ ಇಟ್ಟು ತಿರುಗುವ ಕಾಲು) ಮಾಡಿಕೊಳ್ಳಬಹುದು. ಹೊಸಬರಿಗೆ ಹೆಚ್ಚು ಬೀಳುವ ಟ್ರಾವೆಲಿಂಗ್ (ಚೆಂಡು ಹಿಡಿದು ನಿಯಮ ಮೀರಿ ಹೆಜ್ಜೆ ಇಡುವ ತಪ್ಪು) ಓಡುವಾಗಿನದಲ್ಲ, ನಿಂತಲ್ಲಿಂದ ಹೊರಡುವಾಗಿನದು: ಡ್ರಿಬಲ್‌ಗೆ (ಪುಟಿಸುತ್ತ ಸಾಗಲು) ಚೆಂಡು ಕೈ ಬಿಡುವ ಮೊದಲೇ ಪಿವಟ್ ಕಾಲು ಏಳುತ್ತದೆ. ಪ್ರತಿ ತಪ್ಪಿಗೂ ಸೀಟಿ ಊದಿ, ಅಭ್ಯಾಸದಲ್ಲಿ ಬಿಟ್ಟುಕೊಟ್ಟರೆ ಪಂದ್ಯದಲ್ಲಿ ಕಕ್ಕಾಬಿಕ್ಕಿಯಾಗುತ್ತಾರೆ.

ಲೇ-ಅಪ್ಪನ್ನು ಹಿಂದಿನಿಂದ ಮುಂದಕ್ಕೆ ಕಲಿಸಿ. ಬಲಗಡೆಯದಾದರೆ, ಮೊದಲು ರಿಂಗಿನಿಂದ ಒಂದು ಮೀಟರ್ ದೂರ, 45 ಡಿಗ್ರಿ ಕೋನದಲ್ಲಿ ನಿಂತು ಎಡಗಾಲಲ್ಲಿ ಹಾರಿ ಬೋರ್ಡಿನ ಒಳಚೌಕದ ಮೇಲ್ಮೂಲೆಗೆ ಚೆಂಡು ತಾಗಿಸುವುದು. ಅದು ಬಂದಮೇಲೆ ಒಂದು ಹೆಜ್ಜೆ ಹಿಂದೆ: ಬಲ, ಎಡ, ಹಾರು. ಆಮೇಲೆ ಒಂದು ಡ್ರಿಬಲ್ ಸೇರಿಸಿ, ಕೊನೆಗೆ ಅರ್ಧ ಕೋರ್ಟಿನಿಂದ ಓಡಿ ಬರಲಿ. ಮೊದಲೇ ಓಡಿಸಿದರೆ ಅವರು ಬೋರ್ಡಿನ ಅಡಿಗೇ ಹೋಗಿ, ತಲೆ ಎತ್ತಿ ನೋಡಿದಾಗ ಮೇಲೆ ರಿಂಗಿನ ತಳ ಕಾಣುತ್ತದೆ. ಹಾರುವ ಜಾಗಕ್ಕೆ ಸೀಮೆಸುಣ್ಣದಲ್ಲಿ ಎರಡು ಪಾದ ಬರೆದಿಡಿ. ದಿನಕ್ಕೆ ಬಲದಿಂದ 20, ಎಡದಿಂದ 20. ಎಡಗಡೆ ಎಡಗೈಯಿಂದಲೇ, ಮೊದಲ ತಿಂಗಳು ಎಷ್ಟು ಅಸಹ್ಯವಾಗಿ ಕಂಡರೂ ಸರಿ.

ಶೂಟಿಂಗನ್ನು ರಿಂಗಿನಿಂದ ಒಂದೂವರೆ ಮೀಟರಿನಲ್ಲಿ, ಒಂದೇ ಕೈಯಲ್ಲಿ ಶುರುಮಾಡಿಸಿ. ಚೆಂಡು ಅಂಗೈಗೆ ಅಂಟಬಾರದು, ಬೆರಳ ತುದಿಯ ಮೆತ್ತೆಗಳ ಮೇಲಿರಬೇಕು. ಮೊಣಕೈ ಚೆಂಡಿನ ಕೆಳಗೆ. ಬಿಟ್ಟಮೇಲೆ ಮಣಿಕಟ್ಟು ಮುಂದಕ್ಕೆ ಬಾಗಿರಬೇಕು. ಸತತ ಐದು ಬಿದ್ದರೆ ಒಂದು ಹೆಜ್ಜೆ ಹಿಂದೆ. 6.75 ಮೀಟರಿನ ಮೂರು ಅಂಕದ ಗೆರೆಯನ್ನು ಮೊದಲ ಸೆಮಿಸ್ಟರಿನಲ್ಲಿ ಅಳಿಸಿಬಿಟ್ಟರೂ ನಷ್ಟವಿಲ್ಲ. ಮೊಬೈಲಿನಲ್ಲಿ ನೋಡಿದ್ದನ್ನು ಮಾಡಲು ಹೋಗಿ ಹುಡುಗರು ಭುಜದಿಂದ ಕವಣೆ ಬೀಸಿದಂತೆ ಎಸೆಯುತ್ತಾರೆ, ಇದ್ದ ಶೈಲಿಯೂ ಕೆಡುತ್ತದೆ. ಫ್ರೀ ಥ್ರೋ (ಎದುರಾಳಿಯ ಫೌಲಿಗೆ ಸಿಗುವ ತಡೆಯಿಲ್ಲದ ಎಸೆತ) ಮಾತ್ರ ಮೊದಲ ವಾರದಿಂದಲೇ ಇರಲಿ. ಒಬ್ಬರೇ ಹತ್ತು ಎಸೆಯುವುದು ಬೇಡ. ಎರಡು ಎಸೆದು ಒಂದು ಸುತ್ತು ಓಡಿಬಂದು ಮತ್ತೆರಡು. ಪಂದ್ಯದಲ್ಲಿ ಏದುಸಿರಿನ ನಡುವೆ ಸಿಗುವುದು ಎರಡೇ ಅಲ್ಲವೇ.

ಸಾಲು ನಿಲ್ಲಿಸುವ ಚಾಳಿ ಬಿಡಿ. ಒಂದು ರಿಂಗು, ಒಂದು ಚೆಂಡು, ಎಂಟು ಜನರ ಸಾಲು ಅಂದರೆ ಹತ್ತು ನಿಮಿಷಕ್ಕೆ ಒಬ್ಬೊಬ್ಬರಿಗೆ ಏಳೆಂಟು ಎಸೆತ. ಅದೇ ಎಂಟು ಜನರನ್ನು ಜೋಡಿ ಮಾಡಿ ನಾಲ್ಕು ಚೆಂಡು ಕೊಟ್ಟರೆ ಒಬ್ಬರು ಎಸೆದು ಇನ್ನೊಬ್ಬರು ಹಿಡಿದುಕೊಡುತ್ತ ಇಪ್ಪತ್ತೈದು ದಾಟುತ್ತದೆ. ಕಟ್ಟಡದ ಗೋಡೆಗೆ ಅದೇ 3.05 ಮೀಟರ್ ಎತ್ತರದಲ್ಲಿ ಎರಡು ಬಿಡಿ ರಿಂಗು ಹಾಕಿಸಿದರೆ ಇನ್ನೂ ಅನುಕೂಲ.

ಮೂರನೇ ವಾರದಿಂದ ಅರ್ಧ ಕೋರ್ಟಿನಲ್ಲಿ ಮೂವರ ಎದುರು ಮೂವರು. ಐವರ ಆಟಕ್ಕಿಂತ ಇದರಲ್ಲಿ ಒಬ್ಬೊಬ್ಬರಿಗೆ ಚೆಂಡು ಹೆಚ್ಚು ಸಿಗುತ್ತದೆ, ಅಡಗಿಕೊಳ್ಳಲು ಜಾಗವಿಲ್ಲ. ಅಧಿಕೃತ 3x3 ಆಟವೂ ಹೀಗೇ: ಹತ್ತು ನಿಮಿಷ ಅಥವಾ 21 ಅಂಕ, 12 ಸೆಕೆಂಡಿನೊಳಗೆ ಎಸೆತ, ತಂಡಕ್ಕೆ ನಾಲ್ಕೇ ಜನ. ಒಂದು ವರ್ಷ ಹುಡುಗಿಯರ ಸಂಖ್ಯೆ ಹನ್ನೆರಡು ತಲುಪದಿದ್ದರೆ ಕಾರ್ಯಕ್ರಮ ನಿಲ್ಲಿಸದೆ ಇದರಲ್ಲಿ ಮುಂದುವರಿಸಬಹುದು.

ರಕ್ಷಣೆಯಲ್ಲಿ ಒಬ್ಬರಿಗೊಬ್ಬರು ಅನ್ನುವುದನ್ನೇ ಮೊದಲು ಕಲಿಸಿ. 2-3 ಝೋನ್ (ಮುಂದೆ ಇಬ್ಬರು, ಹಿಂದೆ ಮೂವರು ನಿಂತು ತಮ್ಮ ತಮ್ಮ ಜಾಗ ಕಾಯುವುದು) ಸುಲಭ, ಬೇಗ ಗೆಲುವೂ ಕೊಡಬಹುದು. ಆದರೆ ಝೋನಿನಿಂದ ಶುರುಮಾಡಿದವರು ಎದುರಾಳಿಯನ್ನು ಬೆನ್ನಿಂದ ತಡೆದು ರೀಬೌಂಡ್ ಹಿಡಿಯುವುದನ್ನು ಕಲಿಯುವುದೇ ಇಲ್ಲ. ಕೊನೆಯ ಎರಡು ವಾರ ಪ್ರೆಸ್ ಬಿಡಿಸಿಕೊಳ್ಳುವುದಕ್ಕೆ ಮೀಸಲಿಡಿ. ಹೊಸ ತಂಡ ಕಂಡ ಕೂಡಲೇ ಎದುರಾಳಿ ಇಡೀ ಕೋರ್ಟು ಒತ್ತುತ್ತದೆ, ನಿಮಗೆ ಅರ್ಧಗೆರೆ ದಾಟಲು ಇರುವುದು 8 ಸೆಕೆಂಡು. ಸೂತ್ರ ಇಷ್ಟು: ಚೆಂಡು ಹಿಡಿದವರು ಮೂಲೆಗೆ ಡ್ರಿಬಲ್ ಮಾಡಬಾರದು, ಒಬ್ಬರು ನಡುವೃತ್ತದ ಕಡೆಯಿಂದ ಚೆಂಡಿನತ್ತ ಓಡಿಬರಬೇಕು, ಒಬ್ಬರು ಯಾವಾಗಲೂ ಹಿಂದೆ ಇರಬೇಕು.

ಮಂಡಿ, ಗಿಣ್ಣು, ಬಿಸಿಲು

ಹಾರಿ ಇಳಿಯುವಾಗ ಮಂಡಿ ಒಳಕ್ಕೆ ವಾಲಿದರೆ ಒಳಗಿನ ಎಸಿಎಲ್ ಎಂಬ ಕಟ್ಟು ಹರಿಯಬಹುದು. ಈ ಗಾಯ ಹುಡುಗರಿಗಿಂತ ಹುಡುಗಿಯರಲ್ಲಿ ಹೆಚ್ಚು. ವಾರಕ್ಕೆ ಮೂರು ದಿನ, 15 ನಿಮಿಷ, ಎರಡೂ ತಂಡಕ್ಕೆ ಒಂದೇ ವಾರ್ಮ್‌ಅಪ್ ಇರಲಿ: ಹಾರಿ ಮಂಡಿ ಬಗ್ಗಿಸಿ ಸದ್ದಿಲ್ಲದೆ ಇಳಿಯುವುದು, ಒಂದೇ ಕಾಲಲ್ಲಿ ನಿಲ್ಲುವುದು, ಲಂಜ್, ಪ್ಲ್ಯಾಂಕ್, ಪಕ್ಕಕ್ಕೆ ಸರಿಯುವುದು. ಎದುರು ನಿಂತು ಮಂಡಿ ಪಾದದ ಬೆರಳುಗಳ ನೇರಕ್ಕಿದೆಯೇ ನೋಡಿ. ಓಟದ ಶೂಗಳ ದಪ್ಪ ಮೆತ್ತನೆ ಹಿಮ್ಮಡಿ ಪಕ್ಕಕ್ಕೆ ಜಿಗಿದಾಗ ಮಗುಚಿ ಗಿಣ್ಣು ಉಳುಕಿಸುತ್ತದೆ. ಬ್ಯಾಸ್ಕೆಟ್‌ಬಾಲ್ ಶೂಗೆ ದುಡ್ಡಿಲ್ಲದಿದ್ದರೆ ಚಪ್ಪಟೆ ತಳದ ಬ್ಯಾಡ್ಮಿಂಟನ್ ಅಥವಾ ವಾಲಿಬಾಲ್ ಶೂ ಓಟದ ಶೂಗಿಂತ ಮೇಲು.

ನಮ್ಮಲ್ಲಿ ಮಳೆಯಿಂದ ಹಾಳಾಗುವ ದಿನ ಕಡಿಮೆ, ಬಿಸಿಲಿನದೇ ಕಾಟ. ರಜೆ ಮುಗಿಸಿ ಬಂದವರಿಗೆ ಮೊದಲ 10-14 ದಿನ ಅರ್ಧ ಅಭ್ಯಾಸ ಮಾತ್ರ. ಪ್ರತಿ 15-20 ನಿಮಿಷಕ್ಕೆ ಒಂದು ಲೋಟ ನೀರು, ಬಾಯಾರಿಕೆ ಆಗಲಿ ಬಿಡಲಿ. ಮಾರ್ಚ್‌ನಿಂದ ಮೇವರೆಗೆ ಬೆಳಿಗ್ಗೆ ಆರರಿಂದ ಏಳೂವರೆ ಬಿಟ್ಟರೆ ಬೇರೆ ಹೊತ್ತು ಬೇಡ. ಯಾರಾದರೂ ತಡವರಿಸಿ ಮಾತಾಡಿದರೆ, ದಿಕ್ಕುತಪ್ಪಿದಂತೆ ನಡೆದರೆ ಮೊದಲು ನೆರಳಿಗೆ ತಂದು ಮೈಮೇಲೆಲ್ಲ ತಣ್ಣೀರು ಸುರಿದು ಗಾಳಿ ಬೀಸಿ, 108ಕ್ಕೆ ಕರೆ ಮಾಡಿ. ತಂಪು ಮಾಡುವುದನ್ನು ಬಿಟ್ಟು ಗಾಡಿ ಹುಡುಕುತ್ತಾ ಕೂರಬಾರದು.

ಪಂದ್ಯಕ್ಕೆ ಹೋಗುವಾಗ

ಆಡದ ಆರು ವಿದ್ಯಾರ್ಥಿಗಳನ್ನು ಟೇಬಲ್ ಕೆಲಸಕ್ಕೆ ತಯಾರು ಮಾಡಿ: ಸ್ಕೋರ್, ಗಡಿಯಾರ, 24 ಸೆಕೆಂಡ್ (ಚೆಂಡು ಸಿಕ್ಕ ತಂಡ ಎಸೆಯಲು ಇರುವ ಗಡುವು). ಯಂತ್ರವಿಲ್ಲದಿದ್ದರೆ ಮೊಬೈಲ್ ಸ್ಟಾಪ್‌ವಾಚ್ ಹಿಡಿದು ಕೊನೆಯ ಹತ್ತು ಸೆಕೆಂಡು ಗಟ್ಟಿಯಾಗಿ ಎಣಿಸಿದರೆ ಆಯಿತು. ರಿಂಗಿಗೆ ತಾಗಿದ ಚೆಂಡು ಎಸೆದ ತಂಡಕ್ಕೇ ಮರಳಿ ಸಿಕ್ಕರೆ 14ರಿಂದ ಎಣಿಕೆ. ಅವರಲ್ಲೊಬ್ಬರು ನಮ್ಮ ತಂಡ ಕಳೆದುಕೊಂಡ ಚೆಂಡು, ತಪ್ಪಿದ ಲೇ-ಅಪ್, ತಪ್ಪಿದ ಫ್ರೀ ಥ್ರೋ ಬರೆದಿಡಲಿ. ಮುಂದಿನ ವಾರದ ಅಭ್ಯಾಸವನ್ನು ಆ ಹಾಳೆಯೇ ಹೇಳುತ್ತದೆ.

ಜೆರ್ಸಿ ತಿಳಿಬಣ್ಣದ್ದೊಂದು ಸೆಟ್, ಗಾಢಬಣ್ಣದ್ದೊಂದು ಸೆಟ್ ಬೇಕು. ಬೆನ್ನಿನ ಸಂಖ್ಯೆ 20 ಸೆಂ.ಮೀ., ಎದೆಯದು 10 ಸೆಂ.ಮೀ. ಎತ್ತರ ಇದ್ದರೆ ಯಾರೂ ಆಕ್ಷೇಪಿಸುವುದಿಲ್ಲ. ಪ್ರಯಾಣ ಲೆಕ್ಕ ಹಾಕುವಾಗ ಒಂದು ಅನುಕೂಲ: 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ಇಲ್ಲ. ಹಾಗೆ ಉಳಿದ ದುಡ್ಡನ್ನು ಮಂಡಳಿ ವಾಪಸ್ ಎಳೆದುಕೊಳ್ಳದಂತೆ ಹುಡುಗಿಯರ ಊಟ, ಶೂ ಬಾಬಿಗೆ ಬರೆಸಿಡಿ. ಅಂಕಣಕ್ಕೆ ದೊಡ್ಡ ಮೊತ್ತ ಬೇಕಾದರೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಶಾಸಕರ ಮೂಲಕ ಪ್ರಸ್ತಾವ ಕಳಿಸಬಹುದು. ಜೊತೆಗೆ ಮೇಲೆ ಹೇಳಿದ ಅಳತೆಗಳ ನಕ್ಷೆ ಮತ್ತು ಮಣ್ಣು ಪರೀಕ್ಷೆಯ ವರದಿ ಲಗತ್ತಿಸಿ.

ಕೊಪ್ಪಳ ಜಿಲ್ಲೆಯ ಕಾಲೇಜುಗಳು ಮೊದಲು ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದಡಿ ಇದ್ದವು, 2023ರಲ್ಲಿ ಕೊಪ್ಪಳ ವಿಶ್ವವಿದ್ಯಾಲಯ ಬಂತು. ನಿಮ್ಮ ಸಂಯೋಜನೆ ಈಗ ಎಲ್ಲಿದೆಯೋ ಅಲ್ಲಿನ ದೈಹಿಕ ಶಿಕ್ಷಣ ವಿಭಾಗದ ವಾರ್ಷಿಕ ವೇಳಾಪಟ್ಟಿಯನ್ನು ವರ್ಷದ ಆರಂಭದಲ್ಲೇ ತರಿಸಿಕೊಂಡು, ಪಂದ್ಯದ ದಿನದಿಂದ ಎಂಟು ವಾರ ಹಿಂದಕ್ಕೆ ಎಣಿಸಿ ಅಭ್ಯಾಸ ಶುರುಮಾಡಿ. ಅಂತರ ಕಾಲೇಜು ಪಂದ್ಯದಲ್ಲೇ ವಿಶ್ವವಿದ್ಯಾಲಯ ತಂಡದ ಆಯ್ಕೆ ನಡೆಯುತ್ತದೆ, ಅಲ್ಲಿಂದ ದಕ್ಷಿಣ ವಲಯ ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿ. ಪ್ರತಿ ಆಟಗಾರರ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಪಿಯುಸಿ ಅಂಕಪಟ್ಟಿ, ಈ ವರ್ಷದ ಶುಲ್ಕ ರಶೀದಿ, ಗುರುತಿನ ಚೀಟಿ, ಪ್ರಾಂಶುಪಾಲರ ಸಹಿಯ ಅರ್ಹತಾ ನಮೂನೆ, ಇವನ್ನು ಎರಡು ಫೈಲಿನಲ್ಲಿ ಬೇರೆ ಬೇರೆ ಇಡಿ, ಒಂದು ಹುಡುಗರದು, ಒಂದು ಹುಡುಗಿಯರದು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯ ಹೆಸರಿಗೂ ಗುರುತಿನ ಚೀಟಿಯ ಹೆಸರಿಗೂ ಇನಿಷಿಯಲ್ ಹೊಂದುತ್ತಿದೆಯೇ ಹೊರಡುವ ವಾರದ ಮೊದಲೇ ನೋಡಿಕೊಳ್ಳಿ. ಕೋರ್ಟಿನ ಬದಿಯಲ್ಲಿ ಅದನ್ನು ತಿದ್ದಿಸಲು ಬರುವುದಿಲ್ಲ, ಒಬ್ಬರು ಬೆಂಚಿನಲ್ಲೇ ಉಳಿಯುತ್ತಾರೆ.